ಮಸಿ ಹಿಡಿದ ತಗಡು

ಮೇ 6, ಮಂಗಳವಾರ

ಬ್ಯಾಂಕಿನ ಸಹಾಯವಾಣಿಯ ಹುಡುಗಿ ಫೋನಿನಲ್ಲಿ ಹೇಳಿದಳು, ಏನೇನಾಯಿತು ಎಂದು ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ ಮೇಡಂ, ಆಮೇಲೆ ಮರೆತುಹೋಗುತ್ತೆ ಎಂದು. ನಾನು ಮರೆಯುವವಳಲ್ಲ. ಆದರೂ ಮಗಳು ಚಿತ್ರಾಳ ಹಳೆಯ ಶಾಲೆ ಪುಸ್ತಕದಲ್ಲಿ ಹಾಳೆ ಉಳಿದಿದ್ದವು, ಬರೆಯುತ್ತಿದ್ದೇನೆ. ವಿಮಾ ಕಂಪನಿಯವರು ಓದಿದರೂ ತಿಳಿಯಲಿ ಎಂದು ಬಿಡಿಸಿಯೇ ಬರೆಯುತ್ತೇನೆ.

ನನ್ನ ಹೆಸರು ಗಂಗಲಕ್ಷ್ಮಿ. ತವರು ಪರಶುರಾಂಪುರ, ಕೊಟ್ಟಿದ್ದು ಮೊಳಕಾಲ್ಮುರಿಗೆ. ರೇಷ್ಮೆ ಸೀರೆ ನೇಯುತ್ತೇನೆ. ಗಂಡ ಅಂಜಿನೇಯ, ಲಗೇಜ್ ಆಟೋ ಓಡಿಸುತ್ತಾರೆ. ನಿನ್ನೆ ಸಂಜೆ ಬೀಸಿದ ಗಾಳಿಗೆ ಮಗ್ಗದ ಕೋಣೆಯ ಸಿಮೆಂಟ್ ಶೀಟುಗಳು ಮುಕ್ಕಾಲು ಪಾಲು ಹಾರಿಬಿದ್ದು ಒಡೆದವು. ನಮ್ಮದು ನೆಲದಲ್ಲಿ ಗುಂಡಿ ತೋಡಿ ಕೂರಿಸಿದ ಮಗ್ಗ. ಮಳೆ ಬಂತೆಂದು ಎತ್ತಿ ಒಳಗಿಡಲು ಅದು ಮಂಚವಲ್ಲ. ಅದರ ಮೇಲೆ ಜೂನಿನ ಮದುವೆಗೆ ಕೊಡಬೇಕಾದ ಸೀರೆಯ ಹಾಸು ಇದೆ, ಕೆನೆ ಬಣ್ಣದ ರೇಷ್ಮೆ ಎಳೆಗಳು ಅಷ್ಟುದ್ದಕ್ಕೂ ಬಿಗಿದು ನಿಂತಿವೆ. ನೀರು ಬಿದ್ದರೆ ಮುಗಿಯಿತು. ಮುಂಗಾರಿಗೆ ಮೊದಲು ಸೂರು ಆಗದಿದ್ದರೆ ಮಳೆಗಾಲ ಮುಗಿಯುವ ತನಕ ಮಗ್ಗ ಮಲಗುತ್ತದೆ, ಮಗ್ಗದ ಜೊತೆ ನಾವೂ.

ಮನೆ ಸಾಲ ಕೊಡುವಾಗ ಬ್ಯಾಂಕಿನವರೇ ವಿಮೆ ಮಾಡಿಸಿದ್ದರು. ಅದು ನಮ್ಮ ಪಾಲಿಗೆ ಮಾತ್ರ. ಮೂರು ವರ್ಷದ ಹಿಂದೆ ಮನೆ ಎರಡಾಗಿ ನಡುವೆ ಗೋಡೆ ಎದ್ದಿದೆ. ಗೋಡೆಯಾಚೆ ಭಾವ ನಾಗಭೂಷಣ, ಅವರ ಹೆಂಡತಿ ಜಗದಾಂಬ. ಮಾತುಕತೆ ಇಲ್ಲ. ಮಗ್ಗ ನಮಗೆ ಬಂತೆಂದು ಆಚೆಯವಳಿಗೆ ಹೊಟ್ಟೆಯುರಿ. ಮಾಳಿಗೆಗೆ ಹತ್ತುವ ಮೆಟ್ಟಿಲು ಅವರಿಗೆ ಹೋಯಿತೆಂದು ನನಗೇನೂ ಉರಿಯಿಲ್ಲ. ಅತ್ತೆ ಯರ್ರಮ್ಮ ಒಂದು ತಿಂಗಳು ಇಲ್ಲಿ, ಒಂದು ತಿಂಗಳು ಅಲ್ಲಿ. ಈ ತಿಂಗಳು ಅಲ್ಲಿ.

ಫೋಟೋ ಬೇಕೆಂದಿದ್ದರು, ತೆಗೆದಿದ್ದೇನೆ. ನಾಳೆ ಚಳ್ಳಕೆರೆಗೆ ಹೋಗಿ ಕೊಡುತ್ತೇನೆ. ಕಂಪನಿಯಿಂದ ಸೂರು ಹಾಕಿಸದೆ ಬಿಡುವವಳಲ್ಲ ನಾನು.

ಮೇ 7, ಬುಧವಾರ

ಸಿಟ್ಟು ಇಳಿಯಲೆಂದೇ ಬರೆಯಲು ಕೂತಿದ್ದೇನೆ.

ಚಳ್ಳಕೆರೆಯ ವಿಮಾ ಕಚೇರಿಯಲ್ಲಿ ವಿಶ್ವನಾಥ್ ಎಂಬಾತ ನನ್ನ ಫೋನು ಇಸಿದುಕೊಂಡು ಒಂದೊಂದೇ ಫೋಟೋ ಸರಿಸಿದರು.

“ಅಮ್ಮ, ಇದೇನು?”

“ಹಾಸು ಸಾರ್. ಈ ಮಗ್ಗುಲಲ್ಲಿ ಎಳೆ ಹರಿದಾವೆ ನೋಡ್ರಿ.”

“ಇದು?”

“ಅಂಚು.”

“ಇದು?”

“ಜರಿ ಸಾರ್. ನೀರು ತಾಗಿದ್ರೆ ಕಪ್ಪಾಗ್ತೈತೆ ಅಂತ ಹತ್ರದಿಂದ ಹೊಡ್ದೀನಿ.”

“ಎಲ್ಲಾ ಚೆನ್ನಾಗೈತಮ್ಮ. ಚಾವಣಿ ಎಲ್ಲಿ?”

ಚಾವಣಿ ಇರಲಿಲ್ಲ. ಒಂದು ಫೋಟೋದಲ್ಲೂ ಇರಲಿಲ್ಲ. ಸೂರು ಹಾರಿಹೋದ ಕೋಣೆಯಲ್ಲಿ ನಿಂತು ನಾನು ಒಮ್ಮೆಯೂ ಫೋನನ್ನು ಮೇಲಕ್ಕೆ ಹಿಡಿದಿರಲಿಲ್ಲ. ನೇಯುವವರ ಕಣ್ಣೇ ಹಾಗೆ, ಆಕಾಶ ಕಳಚಿ ಬಿದ್ದರೂ ಮೊದಲು ಸೀರೆ ನೋಡುತ್ತೇವೆ. ಪಕ್ಕದ ಮೇಜಿನವರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಾಚಿಕೆಯಾಯಿತು.

ವಿಶ್ವನಾಥ್ ಒಳ್ಳೆಯ ಮನುಷ್ಯ. “ಮನೆಗೆ ಹೋಗಿ ಏನೂ ಮುಟ್ಟಬೇಡ್ರಿ. ಹೆಂಗೆ ಬಿದ್ದೈತೋ ಹಂಗೇ ಇರ್ಲಿ. ಮೇಲಿಂದ, ಕೆಳಗಿಂದ, ನಾಲ್ಕೂ ಕಡೆಯಿಂದ ಫೋಟೋ ತಗೀರಿ. ಸರ್ವೇಯರ್ ಬರ್ತಾರೆ, ಅವರು ಬರೆದಿದ್ದೇ ಲೆಕ್ಕ,” ಎಂದರು. ಗಾಳಿಗೆ ಮುಂಚೆ ಸೂರು ಗಟ್ಟಿಯಾಗಿತ್ತು ಎಂಬುದಕ್ಕೆ ಸಾಲ ಕೊಡುವಾಗ ಬ್ಯಾಂಕಿನವರೇ ತೆಗೆದ ಫೋಟೋ ಸಾಕಂತೆ. ಈಗಿನದು ಮಾತ್ರ ನಾನು ತೋರಿಸಬೇಕು.

ಬಸ್ಸು ತಳಕು ದಾಟುವಾಗ ಮಳೆ ಹಿಡಿಯಿತು. ಕಿಟಕಿಯ ಮೇಲೆ ಬಿದ್ದ ಒಂದೊಂದು ಹನಿಯೂ ಹಾಸಿನ ಮೇಲೆ ಬಿದ್ದಂತಾಯಿತು. ನಿಲ್ದಾಣದಿಂದ ಮನೆಗೆ ಓಡಿದೆ. ಬಂದು ನೋಡುತ್ತೇನೆ, ಮಗ್ಗದ ಕೋಣೆಯ ಮೇಲೆ ಹಳೆಯ ತಗಡು! ಕೆಳಗೆ ಗುಡಿಸಿ ಸಾರಿಸಿದ್ದಾರೆ. ಒಡೆದ ಶೀಟಿನ ಒಂದು ಚೂರೂ ಇಲ್ಲ. ಮೋಡ ಕಟ್ಟಿದ್ದು ನೋಡಿ ಆಚೆಯವಳು ಗಂಡನನ್ನೂ ಬೀದಿಯ ನಾಲ್ಕು ಜನರನ್ನೂ ಕೂಡಿಸಿಕೊಂಡು ಬಂದು ಮಾಡಿಸಿದಳಂತೆ.

“ಅಣ್ಣ ಮಿಲ್ಲಿಂದ ಹಳೇ ತಗಡು ತಂದಿದ್ನಂತೆ,” ಎಂದರು ನಮ್ಮವರು, ನನ್ನ ಮುಖ ನೋಡದೆ. ಭಾವ ಚಳ್ಳಕೆರೆಯ ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ.

ಮೂರು ವರ್ಷ ಈ ಕಡೆ ತಲೆ ಹಾಕದವಳಿಗೆ ಇವತ್ತೇ ಯಾಕೆ ನೆನಪಾಯಿತು? ನಾನು ವಿಮೆಗೆ ಓಡಾಡುತ್ತಿರುವುದು ಗೊತ್ತಾಗಿಯೇ ಸಾಕ್ಷಿ ಅಳಿಸಿದ್ದಾಳೆ. ಕೈಗೆ ಬಂದ ತುತ್ತು ಬಾಯಿಗೆ ಬರದಂತೆ ಮಾಡಿದಳು. ಗೋಡೆ ಪಕ್ಕ ನಿಂತು ಅವಳಿಗೆ ಕೇಳಿಸುವಷ್ಟು ಜೋರಾಗಿ ಬೈದೆ.

ಹಾಸು ನೆಂದಿಲ್ಲ.

ಮೇ 8, ಗುರುವಾರ

ಒಡೆದ ಚೂರುಗಳು ಸಿಕ್ಕವು. ಓಣಿಯ ಕೊನೆಯಲ್ಲಿ ಕೆಸರಿಗೆ ಹಾಕಿ ಮೇಲೆ ಸೈಕಲ್ಲು, ಎತ್ತು, ಜನ ಎಲ್ಲ ಓಡಾಡಿದ್ದಾರೆ. ಒಂದೊಂದನ್ನೇ ಅಗೆದು ತೆಗೆದು, ತೊಳೆದು, ಅಂಗಳದಲ್ಲಿ ಹರಡಿ, ಸೀಮೆಸುಣ್ಣದಲ್ಲಿ ನಂಬರು ಹಾಕಿದೆ. ಒಡೆದ ಅಂಚಿಗೆ ಅಂಚು ಕೂಡಿಸಿದರೆ ಮೂರು ಶೀಟು ಪೂರ್ತಿ ಕೂಡಿದವು. ಪಕ್ಕದಲ್ಲಿ ಇವತ್ತಿನ ಪೇಪರು ಇಟ್ಟು ಫೋಟೋ ತೆಗೆದೆ, ದಿನಾಂಕ ಕಾಣುವ ಹಾಗೆ.

ಓಣಿಯ ತುದಿಯ ಮನೆಯ ಶಿವಣ್ಣ ಬೀಡಿ ಸೇದುತ್ತಾ ನೋಡುತ್ತಿದ್ದ. “ಏನಮ್ಮ ಗಂಗಮ್ಮ, ಒಡೆದ ಶೀಟಿಗೆ ಹಾಜರಾತಿ ತಗಂತಿದೀಯಾ?” ಎಂದ.

“ಹೂಂ. ಬರದಿರೋರ ಹೆಸರು ಬರ್ಕಂತಿದೀನಿ. ನೀನೂ ಬಾ, ಅಲ್ಲಿ ಎರಡು ತುಂಡು ಉಳ್ದಾವೆ,” ಎಂದೆ. ಬೀಡಿ ಬಿಸಾಕಿ ಬಂದು ಅಗೆದುಕೊಟ್ಟ.

ಆಚೆಯವಳು ಎರಡು ದಿನದಿಂದ ಅಂಗಳದಲ್ಲಿ ಮೂರು ಕಲ್ಲಿಟ್ಟು ಅಡಿಗೆ ಮಾಡುತ್ತಿದ್ದಾಳೆ. ಹೊಗೆಯೆಲ್ಲ ನಮ್ಮ ಕಡೆಗೆ. ಒಳಗೆ ಒಲೆ ಇಲ್ಲವೇ ಇವಳಿಗೆ? ಬೇಸಿಗೆಯ ಶೋಕಿ ಇರಬೇಕು.

ಮೇ 10, ಶನಿವಾರ

ನೇಯಲು ಕೂತೆ. ತಗಡಿನ ಕೆಳಗೆ ಕೆಂಡದಂಥ ಸೆಕೆ. ಗಾಳಿ ಬಂದರೆ ಸಾಕು ಹಾಸಿನ ಮೇಲೆ ಕಪ್ಪು ಕಪ್ಪಾಗಿ ಏನೋ ಉದುರುತ್ತದೆ. ಉಫ್ ಎಂದು ಊದಿ ತೆಗೆಯಬೇಕು, ಕೈಯಲ್ಲಿ ಒರೆಸಿದರೆ ಎಳೆಗೆ ಹತ್ತುತ್ತದೆ. ಒಂದು ಗೇಣು ನೇಯುವುದರಲ್ಲಿ ತಲೆ ಕೆಟ್ಟುಹೋಯಿತು. ಹಾಳು ಮಿಲ್ಲಿನ ತಗಡು. ಕೊಡುವವರು ಒರೆಸಿಯಾದರೂ ಕೊಡಬಾರದೆ?

ಅತ್ತೆ ಬಂದು ಜಗುಲಿಯ ಮೇಲೆ ಕೂತಿದ್ದರು. “ಅಲ್ಲಿ ರಾತ್ರೆಲ್ಲ ಸೋರಿ...” ಎಂದವರು ತಟ್ಟನೆ ಬಾಯಿ ಮುಚ್ಚಿಕೊಂಡರು. ಏನತ್ತೆ ಎಂದರೆ, “ಏಮೂ ಲೇದಮ್ಮ,” ಏನೂ ಇಲ್ಲವೆಂದು ತೆಲುಗಿಗೆ ಇಳಿದರು. ಅತ್ತೆ ತೆಲುಗಿಗೆ ಇಳಿದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಅರ್ಥ. ಮಾಳಿಗೆ ಸೋರುತ್ತಿರಬೇಕು. ಸೋರಲಿ, ನನಗೇನು.

ಮೇ 13, ಮಂಗಳವಾರ

ಸರ್ವೇಯರ್ ಚಂದ್ರಶೇಖರ್ ಫೋನು ಮಾಡಿದ್ದರು. ಶನಿವಾರ ಬರುತ್ತಾರಂತೆ. ಮೇಲೆ ತಗಡು ಹೊದಿಸಿದ್ದಾರೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ.

“ನೋಡಿ ಅಮ್ಮ, ನಾನು ಬಂದಾಗ ಕಂಡಿದ್ದನ್ನ ಬರೀಬೇಕು. ತಗಡು ಮುಚ್ಚಿದ್ರೆ ಚಾವಣಿ ಇದೆ ಅಂತಾನೇ ಬರೀತೀನಿ. ಬಿಚ್ಚಿ ತೋರಿಸಿದ್ರೆ ಎಷ್ಟು ಹೋಗಿದೆ ಅಂತ ಅಳೆದು ಬರೀತೀನಿ.”

ಬಿಚ್ಚಿದರೆ ಹಾಸಿನ ಮೇಲೆ ಮಳೆ ಬೀಳುವ ಭಯ, ಬಿಚ್ಚದಿದ್ದರೆ ಸೂರೇ ಇಲ್ಲ. ಬಿಚ್ಚುತ್ತೇನೆ. ಮೇಲಿನ ಫೋಟೋನೂ ಬೇಕು. ಮೆಟ್ಟಿಲು ಕೇಳಲು ಅವಳ ಬಾಗಿಲಿಗೆ ಹೋಗುವವಳಲ್ಲ ನಾನು. ಶಿವಣ್ಣನ ಮನೆಯಲ್ಲಿ ಏಣಿ ಇದೆ.

ಮೇ 14, ಬುಧವಾರ

ಇದನ್ನು ಕಂಪನಿಯವರಿಗೆ ತೋರಿಸುವಂತಿಲ್ಲ. ನನಗೇ ಇರಲಿ.

ಮೊದಲು ಒಳಗಿನಿಂದ ಏಣಿ ಹಾಕಿದೆ, ತಗಡಿನ ಒಳಮೈ ಒರೆಸೋಣವೆಂದು. ಒದ್ದೆ ಬಟ್ಟೆಯಲ್ಲಿ ಒಂದು ಎಳೆತ ಎಳೆದೆ. ಬಟ್ಟೆ ಕಪ್ಪಾಯಿತು. ಮೂಸಿ ನೋಡಿದೆ. ಎಣ್ಣೆ ಮಿಲ್ಲಿನ ವಾಸನೆಯಲ್ಲ. ಸೌದೆ ಒಲೆಯ ಮಸಿ, ಮೆಣಸಿನಕಾಯಿ ಒಗ್ಗರಣೆಯ ಘಾಟು ಕೂತ ಮಸಿ. ಮಿಲ್ಲಿನಲ್ಲಿ ಯಾರು ಒಗ್ಗರಣೆ ಹಾಕುತ್ತಾರೆ?

ಏಣಿಯನ್ನು ಹೊರಗೆ ತಂದು ಗೋಡೆಗೆ ಹಾಕಿ ಹತ್ತಿದೆ. ಮೇಲಿನಿಂದ ಆಚೆ ಕಡೆ ಬಗ್ಗಿ ನೋಡಿದೆ. ಜಗದಾಂಬಳ ಅಡಿಗೆ ಮನೆಗೆ ಮೇಲೇನೂ ಇರಲಿಲ್ಲ. ನಾಲ್ಕು ಗೋಡೆ, ಮೇಲೆ ಆಕಾಶ. ನೆನೆದು ಕುಸಿದ ಒಲೆ. ಪಾತ್ರೆಗಳ ಮೇಲೆ ಗೊಬ್ಬರದ ಚೀಲ ಹರಡಿತ್ತು. ಅಂಗಳದ ಮೂರು ಕಲ್ಲಿನ ಮುಂದೆ ಅವಳು ಕುಕ್ಕುರುಗಾಲಲ್ಲಿ ಕೂತು ಮುದ್ದೆ ತೊಳಸುತ್ತಿದ್ದಳು. ನಾನು ಏಣಿಯ ಮೇಲೆ ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಫೋಟೋ ತೆಗೆಯುವುದು ಮರೆತೇಹೋಯಿತು.

ನಮ್ಮವರನ್ನು ಕೇಳಿದೆ. “ನಿಮಗೂ ಗೊತ್ತಿತ್ತಾ?”

“ಅತ್ತಿಗೆ ಆಣೆ ಹಾಕ್ಸಿದ್ರು,” ಎಂದರು.

ಬೀದಿ ಸುತ್ತಿ ಅವಳ ಬಾಗಿಲಿಗೆ ಹೋದೆ. ಕರೆಯಬೇಕಲ್ಲ, ಏನೆಂದು ಕರೆಯಲಿ? ಬಾಯಿಗೆ ಹಳೆಯದೇ ಬಂತು. “ಅಕ್ಕ,” ಎಂದೆ.

ಅವಳು ತಿರುಗಲಿಲ್ಲ. “ಏನು?”

“ಆ ತಗಡು ನಿಮ್ಮವು.”

“ಯಾರಂದ್ರು? ಮಿಲ್ಲಿನವು.”

“ಮಿಲ್ಲಲ್ಲಿ ಒಗ್ಗರಣೆ ಹಾಕ್ತಾರಾ?”

ಮುದ್ದೆ ಕೋಲು ನಿಂತಿತು. “ಹೂಂ, ನಮ್ಮವೇ. ಏನೀಗ? ನಿನಗೋಸ್ಕರ ಹಾಕ್ಸಿಲ್ಲ ಕಣೇ, ಹಾಸಿಗೋಸ್ಕರ ಹಾಕ್ಸಿದ್ದು. ಅಡಿಗೆ ಮನೆ ನೆಂದ್ರೆ ಒರೆಸ್ಕಂಬೋದು. ರೇಷ್ಮೆ ನೆಂದ್ರೆ ಒರೆಸಾಕಾಗ್ತೈತಾ?”

“ನನಗೊಂದು ಮಾತು ಹೇಳ್ಬೋದಿತ್ತು.”

“ಹೇಳಿದ್ರೆ? ಕಿತ್ತು ನಮ್ಮ ಅಂಗಳಕ್ಕೇ ಎಸೀತಿದ್ದೆ.”

ನಿಜ. ಎಸೆಯುತ್ತಿದ್ದೆ. ಕುರಿ ಕಾಯುವ ಮನೆಯಿಂದ ಬಂದ ನನಗೆ ಲಾಳಿ ಹಿಡಿಯುವುದನ್ನು ಕಲಿಸಿದವಳು ಅವಳೇ. ಎಳೆ ಹರಿದಾಗ ಬೈಯುತ್ತಾ ಬೈಯುತ್ತಾ ಗಂಟು ಹಾಕಿಕೊಟ್ಟವಳೂ ಅವಳೇ. ನನ್ನ ಮೂಗಿನ ತುದಿಯ ಸಿಟ್ಟು ಅವಳಿಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು. ಅಳು ಬಂತು, ಅವಳ ಮುಂದೆ ಅಳಲಿಲ್ಲ.

“ಶನಿವಾರ ಬೆಳಿಗ್ಗೆ ಬಿಚ್ಚುಸ್ತೀನಿ. ನಿಮ್ಮ ಅಡಿಗೆ ಮನೆ ಮೇಲೆ ವಾಪಸ್ ಹಾಕುಸ್ತೀನಿ,” ಎಂದೆ.

“ಹುಚ್ಚು ಹಿಡ್ದೈತಾ? ಸರ್ವೇದು ಮುಗ್ಸಿ ನಿನ್ ಮಗ್ಗದ ಮೇಲೇ ಹಾಕ್ಕ. ನಂಗೇನು ಅವಸರ ಇಲ್ಲ.”

“ನಂಗೈತೆ,” ಎಂದು ಬಂದುಬಿಟ್ಟೆ.

ಮೇ 16, ಶುಕ್ರವಾರ

ಇಡೀ ದಿನ ಮೋಡ. ಟಾರ್ಪಾಲು, ಹಗ್ಗ ಹೊಂದಿಸಿದೆ. ಹಾಸಿನ ಮೇಲೆ ಪ್ಲಾಸ್ಟಿಕ್ಕು, ಅದರ ಮೇಲೆ ಕಂಬಳಿ. ಏನಾದರಾಗಲಿ, ನಾಳೆ ಬಿಚ್ಚುವುದೇ.

ಮೇ 17, ಶನಿವಾರ

ಬೆಳಕು ಹರಿಯುತ್ತಲೇ ನಮ್ಮವರೂ ಭಾವನೂ ಮೇಲೆ ಹತ್ತಿದರು. ಮೂರು ವರ್ಷದಿಂದ ಎದುರಾದರೆ ಬೀದಿ ಬದಲಾಯಿಸುತ್ತಿದ್ದವರು. ಮೊದಲ ತಗಡು ಬಿಚ್ಚುವ ತನಕ ಇಬ್ಬರೂ ಕೆಮ್ಮಿನಲ್ಲೇ ಮಾತಾಡಿದರು. ಎರಡನೆಯದಕ್ಕೆ, “ಲೇ, ಆ ತುದಿ ಹಿಡಿಯಲೇ,” ಎಂದರು ಭಾವ. ಆಮೇಲೆ ಸರಾಗವಾಯಿತು. ತಗಡುಗಳನ್ನು ಗೋಡೆಗೆ ಆನಿಸಿಡೋಣ, ಸರ್ವೇ ಮುಗಿದ ಮೇಲೆ ನೋಡೋಣ ಎಂದರು ಇಬ್ಬರೂ. ನಾನು ಕೆಳಗಿನಿಂದಲೇ ಕೂಗಿದೆ, ಮೊದಲು ಅಕ್ಕನ ಅಡಿಗೆ ಮನೆ, ಆಮೇಲೆ ಮಿಕ್ಕಿದ್ದು ಎಂದು. ಕೊನೆಯ ಮೊಳೆ ಹೊಡೆಯುವ ತನಕ ಅಲ್ಲೇ ನಿಂತಿದ್ದೆ. ಅತ್ತೆ ತಟ್ಟೆ ಹಿಡಿದು ಅಡಿಗೆ ಮನೆಯೊಳಗೆ ಹೋಗಿ ಕೂತು ಮೇಲಕ್ಕೆ ನೋಡಿ ಕೈ ಮುಗಿದರು.

ಚಂದ್ರಶೇಖರ್ ಬಂದಾಗ ಮಧ್ಯಾಹ್ನ. ದಣಿದ ಮುಖದ, ಮೆತ್ತಗೆ ಮಾತಾಡುವ ಮನುಷ್ಯ. ಮಗ್ಗದ ಕೋಣೆಯಲ್ಲಿ ನಿಂತು ಫೋನನ್ನು ಮೇಲಕ್ಕೆ ಹಿಡಿದರು. ಅಕ್ಕನ ಮೆಟ್ಟಿಲು ಹತ್ತಿ ಮೇಲಿನಿಂದ ತೆಗೆದರು. ಅಂಗಳದ ಚೂರುಗಳನ್ನು ಎತ್ತಿ ಒಡೆದ ಅಂಚನ್ನು ಬೆರಳಲ್ಲಿ ಸವರಿ, ಹಳೆಯ ಬಿರುಕಲ್ಲ, ಹೊಸದಾಗಿ ಒಡೆದದ್ದೇ ಎಂದು ಬರೆದುಕೊಂಡರು. ಟೇಪು ಹಿಡಿದು ಅಳೆದರು. ಎಲ್ಲಾ ಸರಿಯಾಗಿ ನಡೆಯುತ್ತಿತ್ತು. ಹತ್ತು ದಿನ ತಗಡು ಹೊದಿಸಿದವರು ಯಾರು, ಅವರ ಹೇಳಿಕೆ ಬೇಕು ಎಂದರು. ಅಕ್ಕನನ್ನು ಕರೆದೆ.

ಅವರು ನನ್ನನ್ನು ಕೇಳಿದರು. “ಇವರು ಬೇರೆ ಸಂಸಾರಾನಾ, ಒಂದೇ ಮನೆಯವರಾ? ಸರಿಯಾಗಿ ಹೇಳಿ ಅಮ್ಮ. ಒಂದೇ ಮನೆ ಅಂದ್ರೆ ಅರ್ಧ ಮನೆಗಷ್ಟೇ ವಿಮೆ ಮಾಡ್ಸಿದೀರಿ ಅಂತಾಗುತ್ತೆ. ಬರೋ ದುಡ್ಡಿಗೆ ಕತ್ತರಿ ಬೀಳುತ್ತೆ.”

ಎಷ್ಟು ಸುಲಭದ ಪ್ರಶ್ನೆ. ಪಾಲು ಪತ್ರ ಇದೆ, ಖಾತೆ ಬೇರೆ ಇದೆ, ಗೋಡೆ ಕಣ್ಣೆದುರಿಗೇ ಇದೆ. ಬೇರೆ ಎಂಬ ಒಂದು ಮಾತು ಹೇಳಿದರೆ ಸೂರು ನನ್ನದು. ಅಕ್ಕ ಪಕ್ಕದಲ್ಲೇ ನಿಂತಿದ್ದಳು. ಅವಳ ಕೈಯಲ್ಲಿ ಇನ್ನೂ ತಗಡಿನ ಮಸಿ ಇತ್ತು. ಬಾಯಿ ತೆರೆದೆ, ಮಾತು ಹೊರಡಲಿಲ್ಲ. ಅವರು ಪೆನ್ನು ಹಿಡಿದು ಕಾಯುತ್ತಿದ್ದರು. ನಮ್ಮವರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ.

“ಬೇರೆ ಸಾರ್,” ಎಂದಳು ಅಕ್ಕ. ಗಟ್ಟಿಯಾಗಿ, ಬೀದಿಗೆ ಕೇಳುವ ಹಾಗೆ. “ಬೇರೇನೇ. ಬರ್ಕಳ್ರಿ. ಅಷ್ಟು ದೊಡ್ಡ ಗೋಡೆ ಐತೆ, ಕಾಣಾಕಿಲ್ವಾ? ನಾನು ಪಕ್ಕದ ಮನೆಯೋಳು. ಮಳೆ ಬಂತು ಅಂತ ತಗಡು ಕೊಟ್ಟಿದ್ದೆ, ಇವತ್ತು ವಾಪಸ್ ಇಸ್ಕಂಡೆ. ಎಲ್ಲಿ ಸಹಿ ಹಾಕ್ಬೇಕು?”

ಮಸಿ ಕೈಯನ್ನು ಸೀರೆಗೆ ಒರೆಸಿಕೊಂಡು ನಿಧಾನವಾಗಿ ಜಗದಾಂಬ ಎಂದು ಬರೆದುಕೊಟ್ಟಳು.

ಅವರ ಬೈಕು ಓಣಿ ತಿರುಗುತ್ತಲೇ ನನ್ನ ಮೇಲೆ ಹರಿಹಾಯ್ದಳು. “ಮೂರು ವರ್ಷದಿಂದ ಬೇರೆ ಬೇರೆ ಅಂತ ಊರಿಗೆಲ್ಲ ಸಾರ್ಕಂಡು ಬಂದೆ. ಬೇಕಾದಾಗ ಬಾಯಿ ಬರಾಕಿಲ್ವೇನೆ ನಿಂಗೆ?”

ಇನ್ನೂ ಬೈಯುವವಳಿದ್ದಳು, ಅಷ್ಟರಲ್ಲಿ ಮಳೆ ಬಂತು. ಟಾರ್ಪಾಲಿನ ಒಂದು ತುದಿ ನಾನು, ಒಂದು ತುದಿ ಅವಳು ಹಿಡಿದು ಮಗ್ಗದ ಕೋಣೆಗೆ ಓಡಿದೆವು. ಗಂಡಸರು ಮೇಲೆ ಹತ್ತಿ ಹಗ್ಗ ಬಿಗಿಯುವ ತನಕ ಎರಡೂ ಕೈ ಮೇಲೆತ್ತಿ ಹಾಸಿನ ಎರಡು ಬದಿಗೆ ನಿಂತಿದ್ದೆವು. ನೀರು ತೋಳಿನಿಂದ ಕಂಕುಳಿಗೆ ಇಳಿಯಿತು. ಕಂಬಳಿ ಸರಿದ ಮೂಲೆಯಲ್ಲಿ ಒಂದು ಗೇಣು ಅಂಚು ಮಾತ್ರ ನೆನೆಯಿತು. ಮಿಕ್ಕಿದ್ದಕ್ಕೆ ನೀರು ತಾಗಲಿಲ್ಲ.

“ಬಿಚ್ಚಿ ನೇಯ್ಬೇಕು,” ಎಂದಳು ಅಕ್ಕ, ಬಗ್ಗಿ ನೋಡಿ. “ಒಬ್ಬಳಿಂದ ಆಗಾದಲ್ಲ ಇದು. ಸೋಮವಾರ ಬರ್ತೀನಿ.”

ಜೂನ್ 4, ಬುಧವಾರ

ಕಂಪನಿಯಿಂದ ಒಬ್ಬ ಹುಡುಗಿ ಫೋನು ಮಾಡಿದ್ದಳು. ಹಣ ಬಿಡುವ ಮೊದಲು ಇನ್ನೊಮ್ಮೆ ವಿಚಾರಿಸಬೇಕಂತೆ. ಶೀಟು ಹಳೆಯವೆಂದು ಒಂದಿಷ್ಟು ಕತ್ತರಿಸಿದ್ದಾರೆ, ಮಿಕ್ಕಿದ್ದು ಮಂಜೂರಾಗಿದೆ. ಸೂರಿಗೆ ಸಾಲುತ್ತದೆ.

ನಾನು ಮಗ್ಗದ ಮೇಲಿದ್ದೆ. ಎರಡು ಕೈಯಲ್ಲೂ ಕೆಲಸವಿತ್ತು, ಫೋನನ್ನು ಜೋರು ಮಾಡಿ ಹಲಗೆಯ ಮೇಲೆ ಇಟ್ಟಿದ್ದೆ. ಹೆಸರು ಕೇಳಿದಳು, ತಾರೀಕು ಕೇಳಿದಳು. ಆಮೇಲೆ, “ಸಾಕ್ಷಿಗೆ ಜಗದಾಂಬ ಅನ್ನೋರು ಸಹಿ ಮಾಡಿದಾರಲ್ಲ ಮೇಡಂ, ಅವರು ನಿಮಗೇನಾಗಬೇಕು?” ಎಂದಳು.

ಅಕ್ಕ ಅಂಚಿನ ಲಾಳಿ ಹಿಡಿದುಕೊಂಡು ಮೊಣಕೈಗೆ ಮೊಣಕೈ ತಾಗುವ ಹಾಗೆ ಕೂತಿದ್ದಳು. ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು.

“ಏನೂ ಆಗ್ಬೇಕಿಲ್ಲ ಮೇಡಂ. ಪಕ್ಕದ ಮನೆಯೋರು,” ಎಂದೆ. ಈ ಸಲ ತಡವರಿಸಲಿಲ್ಲ.

ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡು ಕುಲುಕುಲು ನಗುತ್ತಿದ್ದಳು. ಹುಡುಗಿ ಥ್ಯಾಂಕ್ಯೂ ಮೇಡಂ ಎಂದು ಇಟ್ಟಳು. ನಾನು ಅಕ್ಕನ ತೊಡೆಗೆ ಗುದ್ದಿದೆ. ನಗುವಿಗೆ ಹಾಸು ಅದುರುತ್ತಿತ್ತು. ಜಗುಲಿಯಿಂದ ಅತ್ತೆ, ಏನಾಯ್ತ್ರೇ ಎಂದು ಕೂಗಿದರು.

“ಏನಿಲ್ಲತ್ತೆ, ಸೂರು ಬಂತು,” ಎಂದಳು ಅಕ್ಕ, ಮತ್ತೆ ಲಾಳಿ ಎಸೆದಳು.